ಇದ್ದರೋ ಇಲ್ಲವೋ: ಪ್ರಾಚೀನ ದಾರ್ಶನಿಕರ, ಧರ್ಮಸ್ಥಾಪಕರ ಅಸ್ತಿತ್ವವನ್ನು ತೀರ್ಮಾನಿಸೋದು ಹೇಗೆ?

ಸಂಶಯಾತ್ಮ:
ಎರಡು ಥರದ ವಾದ ಕೇಳಿ ಕೇಳಿ ಸಾಕಾಗಿದೆ. ಒಂದು, "ಅವರ ಕಾಲದ ಶಾಸನ ಇಲ್ಲ, ನಾಣ್ಯ ಇಲ್ಲ, ಕೈಬರಹ ಇಲ್ಲ, ಆದ್ದರಿಂದ ಬುದ್ಧ, ಯೇಸು, ಸಾಕ್ರಟೀಸ್ ಎಲ್ಲಾ ಕಟ್ಟುಕಥೆ." ಇನ್ನೊಂದು, "ಕೋಟ್ಯಂತರ ಜನ ಇಷ್ಟು ಕಾಲದಿಂದ ನಂಬಿಕೊಂಡು ಬಂದಿದ್ದಾರೆ, ಸುಮ್ಮನೆ ನಂಬ್ತಾರಾ?" ಎರಡು ಕಡೆಯವರೂ ತಲೆ ಕೆಡಿಸಿಕೊಂಡ ಹಾಗೆ ಕಾಣಲ್ಲ. ಇತಿಹಾಸಕಾರರು ಒಬ್ಬ ಮನುಷ್ಯ ಇದ್ದ ಅಂತ ಯಾವ ಆಧಾರದ ಮೇಲೆ ಒಪ್ಪುತ್ತಾರೆ? ಸಾಕ್ರಟೀಸ್‌ನಿಂದಲೇ ಶುರು ಮಾಡೋಣ. ಅವನು ಒಂದಕ್ಷರ ಬರೆದಿಟ್ಟಿಲ್ಲ. ಅವನ ಬಾಯಲ್ಲಿ ಬಂದ ಮಾತೆಲ್ಲ ಪ್ಲೇಟೊ ಬರೆದದ್ದು. ಪ್ಲೇಟೊ ಸೃಷ್ಟಿಸಿದ ಪಾತ್ರ ಅಂದರೆ ಏನು ಉತ್ತರ?

ತಾಳೆಗರಿ:
ಉತ್ತರ ಇದೆ, ಅದೂ ನಗೆನಾಟಕದಲ್ಲಿ. ಕ್ರಿ.ಪೂ. 423ರಲ್ಲಿ ಅಥೆನ್ಸಿನಲ್ಲಿ ಅರಿಸ್ಟೋಫನೀಸ್ ಬರೆದ 'ಮೋಡಗಳು' ಅನ್ನೋ ಪ್ರಹಸನ ಆಡಿದರು. ಅದರಲ್ಲಿ ಸಾಕ್ರಟೀಸ್ ಬುಟ್ಟಿಯೊಳಗೆ ಕೂತು ಮೇಲೆ ನೇತಾಡ್ತಾ ಸೂರ್ಯನ ಬಗ್ಗೆ ಚಿಂತನೆ ಮಾಡ್ತಿರ್ತಾನೆ, ಸೋಲೋ ವಾದವನ್ನು ಗೆಲ್ಲಿಸೋದು ಹೇಗೆ ಅಂತ ಹುಡುಗರಿಗೆ ಹೇಳಿಕೊಡ್ತಾನೆ. ಆಗಿನ್ನೂ ಸಾಕ್ರಟೀಸ್ ಬದುಕಿದ್ದ. ಅವನಿಗೆ ವಿಷ ಕುಡಿಸಿದ್ದು ಕ್ರಿ.ಪೂ. 399ರಲ್ಲಿ. 423ರಲ್ಲಿ ಪ್ಲೇಟೊ ಇನ್ನೂ ಚಿಕ್ಕ ಮಗು. ಮಗು ದೊಡ್ಡದಾಗಿ ಸೃಷ್ಟಿಸಬೇಕಾದ ಪಾತ್ರವನ್ನು ಇಡೀ ಊರು ಅಷ್ಟು ಮೊದಲೇ ಗುರುತಿಸಿ ನಕ್ಕಿತು ಅಂತ ಒಪ್ಪಬೇಕಾಗುತ್ತೆ. ಅದೇ ಉತ್ಸವದಲ್ಲಿ ಅಮೈಪ್ಸಿಯಸ್ ಅನ್ನೋ ಇನ್ನೊಬ್ಬನ ನಾಟಕದಲ್ಲೂ ಸಾಕ್ರಟೀಸ್ ಬಂದಿದ್ದ.

ಇದರ ಮೇಲೆ ಕ್ಸೆನೊಫನ್ ಇದ್ದಾನೆ. ಅವನೂ ಶಿಷ್ಯನೇ, ಆದರೆ ಅವನ ಸಾಕ್ರಟೀಸ್ ಮನೆವಾರ್ತೆ, ಸಂಯಮ, ಆರೋಗ್ಯ ಅಂತ ಬುದ್ಧಿ ಹೇಳೋ ಹಿರಿಯ. ಪ್ಲೇಟೊನ ಸಾಕ್ರಟೀಸ್ ಎದುರಿಗಿದ್ದವನ ಜ್ಞಾನದ ಗರ್ವ ಇಳಿಸೋ ಕಿಲಾಡಿ. ನಾಟಕದವನು ಹಾಸ್ಯಾಸ್ಪದ ಪಂಡಿತ. ಮೂವರ ಚಿತ್ರಣವೂ ಒಂದಕ್ಕೊಂದು ಹೊಂದಲ್ಲ. ಎಲ್ಲರೂ ಒಂದೇ ಪಾಠ ಒಪ್ಪಿಸಿದ್ದರೆ ನನಗೆ ಅನುಮಾನ ಹೆಚ್ಚಾಗ್ತಿತ್ತು.

ಆದರೆ ಅವನು ಇದ್ದ ಅಂತ ಆಯಿತೇ ಹೊರತು ಅವನು ಏನು ಹೇಳಿದ ಅಂತ ತೀರ್ಮಾನ ಆಗಲಿಲ್ಲ. ಆ ಜಗಳ ಇವತ್ತಿಗೂ ನಡೀತಿದೆ.

ಶಾಸನಪ್ರಿಯ:
ಸಾಹಿತ್ಯವನ್ನು ಎಷ್ಟು ನಂಬೋದು ಸಾರ್? ಕಲ್ಲು ಬೇಕು. ಬುದ್ಧನ ವಿಷಯದಲ್ಲಿ ಕಲ್ಲು ಇದೆ. ಲುಂಬಿನಿಯ ಅಶೋಕಸ್ತಂಭ, 1896ರಲ್ಲಿ ಓದಿದ್ದು. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷ ಆದ ಮೇಲೆ ರಾಜ ತಾನೇ ಬಂದು ಪೂಜೆ ಮಾಡಿದ, "ಹಿದ ಬುಧೇ ಜಾತೇ ಸಕ್ಯಮುನೀತಿ", ಅಂದರೆ ಶಾಕ್ಯಮುನಿ ಬುದ್ಧ ಹುಟ್ಟಿದ್ದು ಇಲ್ಲೇ ಅಂತ ಕಲ್ಲು ನೆಡಿಸಿದ, ಲುಂಬಿನಿ ಗ್ರಾಮದ ಬಲಿ ಅನ್ನೋ ಕರ ಮನ್ನಾ ಮಾಡಿ ಬೆಳೆಯ ಪಾಲನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದ. ಕಟ್ಟುಕಥೆಗೆ ಯಾವ ರಾಜನೂ ಬೊಕ್ಕಸದ ಆದಾಯ ಬಿಡಲ್ಲ. ಇಲ್ಲಿಗೆ ಚರ್ಚೆ ಮುಗೀತು ಅನ್ಕೊಂಡಿದ್ದೀನಿ.

ಅಡ್ಡಪ್ರಶ್ನೆ:
ಮುಗೀಲಿಲ್ಲ ಸಾರ್. ಅದೇ ಅಶೋಕನ ಇನ್ನೊಂದು ಕಂಬ ಅದೇ ಸೀಮೆಯಲ್ಲಿ, ನಿಗಾಲಿ ಸಾಗರದಲ್ಲಿ ಇದೆ. ಪಟ್ಟಾಭಿಷೇಕದ ಹದಿನಾಲ್ಕನೇ ವರ್ಷ 'ಕೋನಾಕಮನ' ಬುದ್ಧನ ಸ್ತೂಪವನ್ನು ಎರಡರಷ್ಟು ದೊಡ್ಡದು ಮಾಡಿಸಿದೆ ಅಂತ ಅದರ ಮೇಲಿದೆ. ಕೋನಾಕಮನ ಅಂದರೆ ಕನಕಮುನಿ, ಗೌತಮನಿಗಿಂತ ಎಷ್ಟೋ ಯುಗ ಹಿಂದೆ ಬಂದು ಹೋದ ಬುದ್ಧ ಅಂತ ಬೌದ್ಧರು ಹೇಳೋ ಹೆಸರು. ಆ ಪರಂಪರೆ ಪ್ರಕಾರ ಆಗ ಮನುಷ್ಯರ ಆಯುಸ್ಸೇ ಮೂವತ್ತು ಸಾವಿರ ವರ್ಷ. ಅಶೋಕ ಅವನ ಸ್ತೂಪಕ್ಕೂ ಖರ್ಚು ಮಾಡಿದ್ದಾನೆ. ಅದೇ ರಾಜ, ಅದೇ ಲಿಪಿ. ನಿಮ್ಮ ಅಳತೆಗೋಲು ಹಿಡಿದರೆ ಕನಕಮುನಿಯೂ ಚಾರಿತ್ರಿಕ ವ್ಯಕ್ತಿ ಆಗಬೇಕು. ಒಪ್ಪುತ್ತೀರಾ?

ಬಿಸಿಲುಕೋಲು:
ಶಾಸನಪ್ರಿಯರು ಕಂಬಕ್ಕೆ ಒರಗಿ ಯೋಚಿಸ್ತಿದ್ದಾರೆ, ಸ್ವಲ್ಪ ಟೈಮ್ ಕೊಡಿ 😄

ಶಾಸನಪ್ರಿಯ:
ನಗಿ, ನಗಿ. ಕಂಬದಿಂದ ಖಚಿತವಾಗೋದು ಇಷ್ಟು: ಕ್ರಿ.ಪೂ. 3ನೇ ಶತಮಾನದ ಮಧ್ಯದ ಹೊತ್ತಿಗೆ ಜನ ಆ ಜಾಗವನ್ನು ಬುದ್ಧನ ಜನ್ಮಸ್ಥಳ ಅಂತ ತೋರಿಸ್ತಿದ್ದರು, ರಾಜ ಅದನ್ನು ಒಪ್ಪಿದ. ಬುದ್ಧ ತೀರಿಕೊಂಡದ್ದು ಕ್ರಿ.ಪೂ. 483ರ ಸುಮಾರಿಗೆ ಅಂತ ಒಂದು ಲೆಕ್ಕ, 400ರ ಆಸುಪಾಸು ಅಂತ ಇನ್ನೊಂದು. ಯಾವುದನ್ನು ಹಿಡಿದರೂ ನಡುವಿನ ಅಂತರ ಹೆಚ್ಚೆಂದರೆ ಎರಡೂವರೆ ಶತಮಾನ. ಕನಕಮುನಿಗೆ ಆ ಅಂತರ ಅಳೆಯೋಕೆ ಒಂದು ಕಾಲವೇ ಇಲ್ಲ. ಜೊತೆಗೆ ಗೌತಮನ ಸುತ್ತ ಬಿಂಬಿಸಾರ, ಅಜಾತಶತ್ರು, ಕೋಸಲದ ಪ್ರಸೇನಜಿತ್, ರಾಜಗೃಹ, ಶ್ರಾವಸ್ತಿ ಅಂತ ಒಂದು ಗೊತ್ತಿರೋ ಲೋಕ ಇದೆ. ಈ ರಾಜರ ಹೆಸರು ಜೈನರಿಗೂ ಗೊತ್ತು. ಕನಕಮುನಿಯ ಸುತ್ತ ಅಂಥದ್ದೇನೂ ಇಲ್ಲ.

ತಾಳೆಗರಿ:
ಜೈನರ ಮಾತು ಬಂದದ್ದು ಒಳ್ಳೆಯದಾಯಿತು. ನನಗೆ ಕಲ್ಲಿಗಿಂತ ಶತ್ರುವಿನ ಸಾಕ್ಷಿ ಹೆಚ್ಚು. ಪಾಲಿ ಸುತ್ತಗಳಲ್ಲಿ, ಅಂದರೆ ಬೌದ್ಧರ ಹಳೆಯ ಉಪದೇಶಗಳ ಸಂಗ್ರಹದಲ್ಲಿ, ಮಹಾವೀರ 'ನಿಗಂಠ ನಾತಪುತ್ತ' ಅನ್ನೋ ಹೆಸರಲ್ಲಿ ಬರ್ತಾನೆ. ಬೌದ್ಧರಿಗೆ ಅವನು ಎದುರಾಳಿ. ಅವನ ವಾದ ಸೋತಿತು, ಪಾವಾದಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯರು ಕಚ್ಚಾಡಿದರು ಅಂತ ಬರೀತಾರೆ. ಇಲ್ಲದ ಮನುಷ್ಯನ ಜೊತೆ ಇಷ್ಟು ಜಗಳ ಯಾಕೆ?

ಇದಕ್ಕಿಂತ ಚೆನ್ನಾದ ಪ್ರಕರಣ ಮಕ್ಖಲಿ ಗೋಸಾಲನದು. ಆಜೀವಿಕರ ಗುರು. ಆ ಪಂಥ ಅಳಿದುಹೋಯಿತು, ಅವರ ಒಂದು ಗ್ರಂಥವೂ ಉಳಿದಿಲ್ಲ, ಅವನ ಪರವಾಗಿ ಮಾತಾಡೋಕೆ ಒಬ್ಬ ಭಕ್ತನೂ ಇಲ್ಲ. ನಮಗೆ ಅವನು ಗೊತ್ತಿರೋದು ಅವನನ್ನು ಕಂಡರಾಗದ ಇಬ್ಬರಿಂದ. ಗೋಶಾಲೆಯಲ್ಲಿ ಹುಟ್ಟಿದ್ದಕ್ಕೆ ಆ ಹೆಸರು, ಮಹಾವೀರನ ಹಿಂದೆ ವರ್ಷಗಟ್ಟಲೆ ತಿರುಗಿ ಆಮೇಲೆ ತಿರುಗಿಬಿದ್ದ, ಕೊನೆಗೆ ಶ್ರಾವಸ್ತಿಯಲ್ಲಿ ಕುಂಬಾರಗಿತ್ತಿಯೊಬ್ಬಳ ಮನೆಯಲ್ಲಿ ಜ್ವರದಲ್ಲಿ ಬಡಬಡಿಸ್ತಾ ಸತ್ತ: ಇದು ಜೈನರ ಕಥೆ. ಬೌದ್ಧ ವ್ಯಾಖ್ಯಾನಕಾರರ ಕಥೆಯಲ್ಲಿ ಅವನೊಬ್ಬ ಆಳು. ಎಣ್ಣೆ ಗಡಿಗೆ ಒಡೆದು ಓಡುವಾಗ ಒಡೆಯ ಬಟ್ಟೆ ಹಿಡಿದುಕೊಂಡ, ಬಟ್ಟೆ ಬಿಟ್ಟು ಬೆತ್ತಲೆ ಓಡಿದ. ಎರಡೂ ಹೀಯಾಳಿಕೆ, ಒಂದಕ್ಕೊಂದು ಸಂಬಂಧವೂ ಇಲ್ಲ. ಆದರೆ ಅವನ ಸಿದ್ಧಾಂತ ಏನು ಅಂತ ಕೇಳಿದರೆ ಇಬ್ಬರೂ ಹೇಳೋದು ಒಂದೇ: ನಿಯತಿ. ಯಾರ ಪ್ರಯತ್ನದಿಂದಲೂ ಏನೂ ಬದಲಾಗಲ್ಲ, ಎಸೆದ ದಾರದುಂಡೆ ಕೊನೆ ಮುಟ್ಟೋವರೆಗೆ ಬಿಚ್ಚಿಕೊಳ್ಳೋ ಹಾಗೆ ಸಂಸಾರ ತಾನಾಗಿ ಮುಗಿಯುತ್ತೆ. ಜನ್ಮದ ಕಥೆ ಬೇರೆ ಬೇರೆ, ಬೋಧನೆ ಒಂದೇ. ನನ್ನ ಮಟ್ಟಿಗೆ ಇದರ ಅರ್ಥ, ಜನ್ಮಕಥೆಗಳನ್ನು ಕಟ್ಟಿದ್ದಾರೆ, ಮನುಷ್ಯನನ್ನು ಕಟ್ಟಿಲ್ಲ.

ಶಾಸನಪ್ರಿಯರಿಗೂ ಬೇಜಾರಾಗದಿರಲಿ, ಕಲ್ಲೂ ಇದೆ: ಬಿಹಾರದ ಬರಾಬರ್ ಗುಹೆಗಳನ್ನು ಅಶೋಕ ಆಜೀವಿಕರಿಗೆ ಕೊಟ್ಟ ಶಾಸನ.

ಶಾಸನಪ್ರಿಯ:
ಅದರಲ್ಲೊಂದು ಸ್ವಾರಸ್ಯ ನಾನು ಸೇರಿಸ್ತೀನಿ. ಅಲ್ಲಿನ ಕೆಲವು ಶಾಸನಗಳಲ್ಲಿ 'ಆಜೀವಿಕ' ಅನ್ನೋ ಶಬ್ದವನ್ನಷ್ಟೇ ಯಾರೋ ಉಳಿಯಿಂದ ಕೆತ್ತಿ ಹಾಳು ಮಾಡಿದ್ದಾರೆ. ರಾಜನ ಹೆಸರು, ವರ್ಷ ಎಲ್ಲ ಬಿಟ್ಟು ದಾನ ಪಡೆದವರ ಹೆಸರಿಗೇ ಉಳಿ ಇಟ್ಟಿದ್ದಾರೆ. ಅಳಿಸೋಕೆ ಹೋದವನೂ ಒಂದು ಸಾಕ್ಷಿ ಬಿಟ್ಟು ಹೋದ.

ನೀಲಿಶಾಯಿ:
ಕಲ್ಲನ್ನು ನಂಬೋವಾಗ ನಮ್ಮ 12ನೇ ಶತಮಾನದ ಶಿವಭಕ್ತ ಏಕಾಂತದ ರಾಮಯ್ಯನನ್ನು ನೆನಪಿಸಿಕೊಳ್ಳಿ. ಪ್ರಾಚೀನ ಅನ್ನೋ ಅಷ್ಟು ಹಿಂದಿನವನಲ್ಲ, ಆದರೆ ಪಾಠಕ್ಕೆ ಸರಿಯಾದವನು. ಅಬ್ಬಲೂರಿನ ಶಾಸನ ಸುಮಾರು 1200ರದು, ಘಟನೆ ನಡೆದು ಹೆಚ್ಚು ಕಾಲ ಕಳೆದಿಲ್ಲ. ಜೈನರ ಜೊತೆ ಪಣ ಕಟ್ಟಿ ರಾಮಯ್ಯ ತಲೆ ಕತ್ತರಿಸಿಕೊಂಡ, ಏಳು ದಿನದ ಮೇಲೆ ಶಿವ ತಲೆ ಮರಳಿ ಕೊಟ್ಟ, ಬಿಜ್ಜಳ ಜಯಪತ್ರ ಕೊಟ್ಟ ಅಂತ ಅದರಲ್ಲಿದೆ. ಬಿಜ್ಜಳನಿಗೆ ಹತ್ತಾರು ಶಾಸನ ಇವೆ, ಅವನು ಇದ್ದದ್ದರಲ್ಲಿ ಅನುಮಾನವೇ ಇಲ್ಲ. ರಾಮಯ್ಯನೂ ಇದ್ದ ಅಂತ ಒಪ್ಪೋಕೆ ನನಗೆ ತೊಂದರೆ ಇಲ್ಲ. ತಲೆಯ ವಿಷಯ?

"ಪವಾಡ ಬಂತು, ಹಾಗಾದರೆ ಮನುಷ್ಯನೇ ಸುಳ್ಳು" ಅನ್ನೋರು ಇದಕ್ಕೆ ಏನಂತಾರೆ ನೋಡಬೇಕು. ಪವಾಡ ಸೇರಿಕೊಳ್ಳೋಕೆ ನೂರಾರು ವರ್ಷ ಬೇಕು ಅನ್ನೋದೂ ಇಲ್ಲಿ ಬಿದ್ದುಹೋಗುತ್ತೆ. ಒಂದೇ ತಲೆಮಾರಿನಲ್ಲಿ ಪವಾಡ ಕಲ್ಲಿಗೇರಿದೆ, ಅದಕ್ಕೆ ದತ್ತಿಯೂ ಸಿಕ್ಕಿದೆ.

ಸಂಶಯಾತ್ಮ:
ಹಾಗಾದರೆ "ಇದ್ದನೋ ಇಲ್ಲವೋ" ಅನ್ನೋ ನನ್ನ ಪ್ರಶ್ನೆಯೊಳಗೆ ಮೂರು ಪ್ರಶ್ನೆ ಅಡಗಿವೆ. ಆ ಹೆಸರಿನ ಮನುಷ್ಯ ಇದ್ದನಾ, ಅವನ ಹೆಸರಲ್ಲಿರೋ ಮಾತು ಅವನದಾ, ಅವನು ಮಾಡಿದ ಅನ್ನೋ ಕೆಲಸ ನಡೀತಾ. ಒಂದಕ್ಕೆ ಸಾಕಾಗೋ ಸಾಕ್ಷಿ ಇನ್ನೊಂದಕ್ಕೆ ಸಾಕಾಗಲ್ಲ. ಸರಿ, "ಇರಲಿಲ್ಲ" ಅನ್ನೋ ಕಡೆಗೆ ವಾಲೋ ಉದಾಹರಣೆ ಯಾರಾದರೂ ಕೊಡಿ. ಇದುವರೆಗೆ ಬಂದವರೆಲ್ಲ ಪಾಸಾಗ್ತಿದ್ದಾರೆ.

ಮೂಲೆಓದುಗ:
ಲಾವೋತ್ಸೆ, 'ತಾವೊ ತೆ ಚಿಂಗ್' ಅನ್ನೋ ಗ್ರಂಥ ಬರೆದ ಅನ್ನೋ ಚೀನಾದ ದಾರ್ಶನಿಕ. ಕ್ರಿ.ಪೂ. 100ರ ಸುಮಾರಿಗೆ ಚೀನಾದ ಇತಿಹಾಸಕಾರ ಸಿಮಾ ಛಿಯನ್ ಅವನ ಚರಿತ್ರೆ ಬರೆಯೋಕೆ ಕೂತ. ಝೌ ರಾಜರ ದಫ್ತರದ ಅಧಿಕಾರಿ ಲಿ ಅರ್ ಅಂತ ಶುರು ಮಾಡ್ತಾನೆ. ಆಮೇಲೆ, ಲಾವೊ ಲೈತ್ಸೆ ಅನ್ನೋ ಇನ್ನೊಬ್ಬ ಇದ್ದ ಅಂತಾನೆ. ಇನ್ನೂ ಮುಂದೆ ಹೋಗಿ, ಕನ್‌ಫ್ಯೂಷಿಯಸ್ ಸತ್ತು ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ಬದುಕಿದ್ದ ದಾನ್ ಅನ್ನೋ ದಫ್ತರದವನೇ ಲಾವೋತ್ಸೆ ಅಂತ ಕೆಲವರು ಹೇಳ್ತಾರೆ, ಕೆಲವರು ಅಲ್ಲ ಅಂತಾರೆ, ಯಾವುದು ನಿಜ ಅಂತ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಅಂತ ಬರೆದುಬಿಡ್ತಾನೆ. ಆಯುಸ್ಸು 160 ವರ್ಷ, ಕೆಲವರ ಪ್ರಕಾರ 200ಕ್ಕೂ ಮೇಲೆ. ಎರಡು ಸಾವಿರ ವರ್ಷದ ಹಿಂದೆಯೇ ಎಳೆ ಕಡಿದುಹೋಗಿತ್ತು.

ಇನ್ನು ಗ್ರಂಥ. 1973ರಲ್ಲಿ ಮವಾಂಗ್‌ದುಯಿಯ ಗೋರಿಯಲ್ಲಿ ರೇಷ್ಮೆ ಮೇಲೆ ಬರೆದ ಪ್ರತಿಗಳು ಸಿಕ್ಕವು, ಅವುಗಳಲ್ಲಿ ಈಗಿನ ಎರಡನೇ ಭಾಗ ಮೊದಲು ಬರುತ್ತೆ. 1993ರಲ್ಲಿ ಗುವೊದಿಯನ್‌ನಲ್ಲಿ ಕ್ರಿ.ಪೂ. 300ರ ಸುಮಾರಿನ ಬಿದಿರು ಪಟ್ಟಿಗಳು ಸಿಕ್ಕವು, ಅವುಗಳಲ್ಲಿ ಈಗಿನ ಗ್ರಂಥದ ಅರ್ಧಕ್ಕಿಂತ ಕಡಿಮೆ ಭಾಗ ಇದೆ, ಕ್ರಮವೂ ಬೇರೆ. ಹಲವರ ಮಾತುಗಳು ಸೇರಿಕೊಂಡು ಬೆಳೆದ ಗ್ರಂಥ, ಆಮೇಲೆ ಅದಕ್ಕೊಬ್ಬ ಕರ್ತೃ ಬಂದ ಅನ್ನೋ ಕಡೆಗೇ ನನ್ನ ಮತ.

ಅಡ್ಡಪ್ರಶ್ನೆ:
ಹಾಗೆ ಅನುಮಾನಪಟ್ಟು ಎಡವಿದ್ದೂ ಚೀನಾದಲ್ಲೇ ಅಲ್ವಾ? ಯುದ್ಧಶಾಸ್ತ್ರದ ಸುನ್‌ತ್ಸೆ ಬೇರೆ ಅಲ್ಲ, ಮುಂದಿನ ಕಾಲದ ಸುನ್ ಬಿನ್ ಅನ್ನೋನೇ ಅವನು ಅಂತ ಅನೇಕ ವಿದ್ವಾಂಸರು ವಾದಿಸ್ತಿದ್ದರು. 1972ರಲ್ಲಿ ಯಿನ್‌ಚ್ಯುಶಾನ್ ಗೋರಿ ತೆಗೆದರೆ ಇಬ್ಬರ ಹೆಸರಿನ ಯುದ್ಧಗ್ರಂಥಗಳೂ ಬೇರೆ ಬೇರೆಯಾಗಿ ಸಿಕ್ಕವು.

ಮೂಲೆಓದುಗ:
ಎರಡು ಪುಸ್ತಕ ಇದ್ದವು ಅಂತ ಸಾಬೀತಾಯಿತು. ಸುನ್‌ತ್ಸೆ, ಅಂದರೆ ಸುನ್ ವು ಅನ್ನೋ ಸೇನಾಪತಿ ಇದ್ದ ಅಂತ ಅಲ್ಲ. ಅವನು ಗೆಲ್ಲಿಸಿದ ಅನ್ನೋ ವು ರಾಜ್ಯದ ಯುದ್ಧಗಳನ್ನು ವಿಸ್ತಾರವಾಗಿ ಹೇಳೋ ಹಳೆಯ ಝುವೊಝುವಾನ್ ಅನ್ನೋ ಇತಿಹಾಸದಲ್ಲಿ ಅವನ ಹೆಸರೇ ಇಲ್ಲ. ಯುದ್ಧ ಇದೆ, ರಾಜ ಇದ್ದಾನೆ, ಬೇರೆ ಮಂತ್ರಿ ಸೇನಾಪತಿಗಳಿದ್ದಾರೆ, ಗೆಲ್ಲಿಸಿದ ಅನ್ನೋನೇ ಇಲ್ಲ. ಹೇಳಲೇಬೇಕಾಗಿದ್ದವನು ಹೇಳದೆ ಬಿಟ್ಟಾಗ ಮೌನಕ್ಕೆ ತೂಕ ಬರುತ್ತೆ.

ಬಿಸಿಲುಕೋಲು:
ಈ ಚರ್ಚೆ ಹೊಸದೇನಲ್ಲ ಬಿಡಿ. ಪರಮಾಣುವಾದ ಮೊದಲು ಹೇಳಿದ್ದು ಲ್ಯೂಸಿಪ್ಪಸ್, ಆಮೇಲೆ ಡೆಮಾಕ್ರಿಟಸ್ ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಅದಾದ ಮೇಲೆ ಬಂದ ಎಪಿಕ್ಯೂರಸ್ "ಲ್ಯೂಸಿಪ್ಪಸ್ ಅಂತ ದಾರ್ಶನಿಕನೇ ಇರಲಿಲ್ಲ" ಅಂದನಂತೆ, ದಾರ್ಶನಿಕರ ಚರಿತ್ರೆ ಬರೆದ ಡಯೋಜನೀಸ್ ಲೇರ್ಷಿಯಸ್ ದಾಖಲಿಸಿದ್ದಾನೆ. ಎಪಿಕ್ಯೂರಸ್‌ನದೂ ಪರಮಾಣುವಾದವೇ, ತನಗೆ ಗುರುಗಳೇ ಇರಲಿಲ್ಲ, ಎಲ್ಲಾ ಸ್ವಂತ ಅಂತ ಹೇಳಿಕೊಳ್ತಿದ್ದ. ಸಾಕ್ಷಿ ಹೇಳೋನಿಗೆ ಲಾಭ ಏನು ಅಂತ ಮೊದಲು ನೋಡಿ ಅಂತಾರಲ್ಲ, "ಇರಲಿಲ್ಲ" ಅನ್ನೋ ಸಾಕ್ಷಿಗೂ ಅದು ಅನ್ವಯ.

ಸಂಶಯಾತ್ಮ:
ಮೌನದ ಮಾತು ಬಂತು, ಯೇಸುವಿನ ವಿಷಯ ಕೇಳಿಯೇಬಿಡ್ತೀನಿ. ಅವರ ಕಾಲದ ಒಬ್ಬ ರೋಮನ್ ಲೇಖಕನೂ ಅವರ ಹೆಸರು ಎತ್ತಿಲ್ಲ. ಅದಕ್ಕೆ ತೂಕ ಇಲ್ವಾ?

ನೀಲಿಶಾಯಿ:
ಯಾರು ಎತ್ತಬೇಕಿತ್ತು? ಇದನ್ನು ನೋಡಿ: ಯೇಸುವಿಗೆ ಮರಣದಂಡನೆ ಕೊಟ್ಟ ಪೋಂಟಿಯಸ್ ಪಿಲಾತ ಸುಮಾರು ಹತ್ತು ವರ್ಷ, ಕ್ರಿ.ಶ. 26ರಿಂದ 36ರವರೆಗೆ, ಯೂದಾಯ ಪ್ರಾಂತ್ಯದ ಅಧಿಪತಿ. ಸೈನ್ಯ ಇತ್ತು, ಖಜಾನೆ ಇತ್ತು, ನಾಣ್ಯ ಹೊಡೆಸಿದ (ಅದರಲ್ಲಿ ಚಕ್ರವರ್ತಿಯ ಹೆಸರು, ಇವನದಲ್ಲ). ಹಾಗಿದ್ದೂ ಅವನ ಹೆಸರಿರೋ ಕಲ್ಲು ಸಿಕ್ಕಿದ್ದು 1961ರಲ್ಲಿ, ಕೈಸರೇಯಾದ ಹಳೇ ರಂಗಮಂದಿರದಲ್ಲಿ, ಅದೂ ಮೆಟ್ಟಿಲಿಗೆ ಮರುಬಳಕೆ ಮಾಡಿದ ಮುರುಕು ಕಲ್ಲು. ಪ್ರಾಂತ್ಯಾಧಿಪತಿಗೇ ಈ ಗತಿ. ಹಳ್ಳಿ ಹಳ್ಳಿ ಸುತ್ತಿದ ಬಡ ಬೋಧಕನಿಗೆ ಶಾಸನ ಯಾಕಿಲ್ಲ ಅಂತ ಕೇಳೋದು ನ್ಯಾಯ ಅಲ್ಲ.

ಇರೋ ಸಾಕ್ಷಿ ಇಷ್ಟು. ಯೇಸುವಿನ ಮತ ಹರಡಿದ ಪೌಲನ ಪತ್ರಗಳು, ಯೇಸು ತೀರಿಕೊಂಡು ಇಪ್ಪತ್ತು ಚಿಲ್ಲರೆ ವರ್ಷದೊಳಗೆ ಬರೆದವು. ಜೆರುಸಲೇಮಿನಲ್ಲಿ ಯೇಸುವಿನ ಸಹೋದರ ಯಾಕೋಬನನ್ನು ಕಂಡೆ ಅಂತ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳ್ತಾನೆ, ಅದೂ ಪ್ರಚಾರಕ್ಕಲ್ಲ, ಪೇತ್ರನನ್ನು ಬಿಟ್ಟರೆ ತಾನು ಅಲ್ಲಿ ಬೇರೆ ಯಾವ ಅಪೊಸ್ತಲನನ್ನೂ ನೋಡಲಿಲ್ಲ ಅಂತ ಆಣೆ ಹಾಕೋ ಭರದಲ್ಲಿ. ಯಹೂದಿ ಇತಿಹಾಸಕಾರ ಜೋಸೆಫಸ್ ಕ್ರಿ.ಶ. 93ರ ಸುಮಾರಿಗೆ ಅದೇ ಯಾಕೋಬನ ಕೊಲೆಯನ್ನು ಬರೆದು, "ಕ್ರಿಸ್ತ ಅನ್ನಿಸಿಕೊಂಡ ಯೇಸುವಿನ ಸಹೋದರ" ಅಂತ ಗುರುತು ಹೇಳ್ತಾನೆ. ಜೋಸೆಫಸ್‌ನ ಇನ್ನೊಂದು ಪ್ರಸಿದ್ಧ ಭಾಗದಲ್ಲಿ ಮುಂದಿನ ಕ್ರೈಸ್ತ ನಕಲುಗಾರರು ಕೈಯಾಡಿಸಿದ್ದಾರೆ, ಅದನ್ನು ಬದಿಗಿಡಿ. ಆಮೇಲೆ 2ನೇ ಶತಮಾನದ ಶುರುವಿನಲ್ಲಿ ರೋಮನ್ ಇತಿಹಾಸಕಾರ ಟ್ಯಾಸಿಟಸ್. ಅವನಿಗೆ ಕ್ರೈಸ್ತರೆಂದರೆ ಅಸಹ್ಯ, ಆದರೂ ಪಿಲಾತ ಮರಣದಂಡನೆ ಕೊಟ್ಟ ಅಂತ ಬರೀತಾನೆ.

ಅಡ್ಡಪ್ರಶ್ನೆ:
ಇನ್ನೇನು "ತಮಗೆ ಮುಜುಗರ ತರೋದನ್ನು ಯಾರೂ ಕಟ್ಟಲ್ಲ, ಶಿಲುಬೆ ಅವಮಾನ, ಆದ್ದರಿಂದ ನಿಜ" ಅನ್ನೋ ವಾದ ಬರುತ್ತೆ. ಅವರಿಗೆ ಮುಜುಗರ ಆಗ್ತಿತ್ತು ಅಂತ ನಿಮಗೆ ಹೇಗೆ ಗೊತ್ತು? ಎರಡು ಸಾವಿರ ವರ್ಷದ ಹಿಂದಿನವರ ಮನಸ್ಸಿನೊಳಗೆ ಕೂತು ಹೇಳ್ತಿದ್ದೀರಾ?

ನೀಲಿಶಾಯಿ:
ಬೇರೆ ಕಡೆ ಈ ಆಕ್ಷೇಪ ಸರಿ, ಇಲ್ಲಿ ನಿಲ್ಲಲ್ಲ. ಪೌಲನೇ ಬರೆದಿದ್ದಾನಲ್ಲ: ಶಿಲುಬೆಗೇರಿದ ಕ್ರಿಸ್ತ ಯಹೂದಿಗಳಿಗೆ ಎಡವುಗಲ್ಲು, ಬೇರೆಯವರಿಗೆ ಹುಚ್ಚುತನ ಅಂತ. ಇದು ನನ್ನ ಊಹೆಯಲ್ಲ, ಅವನ ದೂರು. ಮುಜುಗರದ ವಾದ ಬಳಸೋದಾದರೆ ಹೀಗೆ ಅವರ ಬಾಯಿಂದಲೇ ಬಂದಿರಬೇಕು ಅಂತ ನಾನೂ ಒಪ್ಪುತ್ತೀನಿ. ಅವರು ಮನುಷ್ಯರಾಗಿ ಇದ್ದರು ಅನ್ನೋದು ಇತಿಹಾಸ. ಮೂರನೇ ದಿನ ಎದ್ದುಬಂದರು ಅನ್ನೋದು ಶ್ರದ್ಧೆ, ಆ ಕಡೆಗೂ ಈ ಕಡೆಗೂ ಇತಿಹಾಸಕಾರನ ಕೈ ಹೋಗಲ್ಲ.

ಹಸಿರುಶಾಲು:
ಎಲ್ಲಾ ಓದಿದೆ. ಒಂದು ಸಣ್ಣ ಪ್ರಶ್ನೆ, ಇದ್ದರೇನು ಬಿಟ್ಟರೇನು? ಮಾತು ಚೆನ್ನಾಗಿದ್ದರೆ ಸಾಲದೇ?

ಮೂಲೆಓದುಗ:
ಲಾವೋತ್ಸೆಗೆ ಸಾಕು, ಮೇಡಂ. ಯಾರೇ ಬರೆದಿರಲಿ ಆ ಪುಸ್ತಕಕ್ಕೆ ನಷ್ಟ ಇಲ್ಲ. ಬೌದ್ಧರೂ ಬುದ್ಧರು ಹಲವರು, ಧಮ್ಮ ಒಂದೇ ಅಂತ ಬಾಗಿಲು ತೆರೆದಿಟ್ಟುಕೊಂಡಿದ್ದಾರೆ. ಆದರೆ ಪೌಲ ಹಾಗೆ ಹೇಳಲ್ಲ, ಕ್ರಿಸ್ತ ಎದ್ದುಬರಲಿಲ್ಲ ಅಂದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ನೇರವಾಗಿ ಬರೀತಾನೆ. ಯಾವ ಪರಂಪರೆ ತನ್ನನ್ನು ಒಂದು ಘಟನೆಗೆ ಕಟ್ಟಿಕೊಂಡಿದೆ ಅನ್ನೋದರ ಮೇಲೆ ಹೋಗುತ್ತೆ.

ತಾಳೆಗರಿ:
ನಾನು ಪೈಥಾಗೊರಸ್‌ಗೆ ಬರ್ತೀನಿ, ದಂತಕಥೆ ಹೇಗೆ ಕೊಬ್ಬುತ್ತೆ ಅನ್ನೋದಕ್ಕೆ ಇಷ್ಟು ಚೆನ್ನಾದ ಮಾದರಿ ಇನ್ನೊಂದಿಲ್ಲ. ಅವನ ಬಗ್ಗೆ ಅತ್ಯಂತ ಹಳೆಯ ಸಾಕ್ಷಿ ಒಂದು ಲೇವಡಿ. ಹೆಚ್ಚುಕಡಿಮೆ ಅದೇ ಕಾಲದ ಗ್ರೀಕ್ ಕವಿ ಕ್ಸೆನೊಫನೀಸ್ ಬರೀತಾನೆ: ನಾಯಿಮರಿಗೆ ಯಾರೋ ಹೊಡೀತಿದ್ದರು, ಇವನು ಹೋಗಿ "ನಿಲ್ಲಿಸು, ಇದು ನನ್ನ ಗೆಳೆಯನ ಆತ್ಮ, ಕೂಗು ಕೇಳಿ ಗುರುತು ಹಿಡಿದೆ" ಅಂದನಂತೆ. ದಾರ್ಶನಿಕ ಹೆರಾಕ್ಲಿಟಸ್‌ದೂ ತಿರಸ್ಕಾರವೇ, ಬಹಳ ಕಲಿತರೆ ಬುದ್ಧಿ ಬರಲ್ಲ ಅನ್ನೋದಕ್ಕೆ ಇವನನ್ನು ಉದಾಹರಣೆ ಕೊಡ್ತಾನೆ. ಅಷ್ಟರಿಂದ ಅವನು ಇದ್ದ, ಪುನರ್ಜನ್ಮ ಬೋಧಿಸ್ತಿದ್ದ ಅಂತ ಗಟ್ಟಿಯಾಗಿ ಹೇಳಬಹುದು. ಎಂಟು ನೂರು ವರ್ಷ ಬಿಟ್ಟು ಅವನ ಚರಿತ್ರೆ ಬರೆಯೋಕೆ ಇಯಾಂಬ್ಲಿಕಸ್ ಅನ್ನೋ ದಾರ್ಶನಿಕ ಬಂದಾಗ ಪೂರ್ತಿ ಪುಸ್ತಕವೇ ಸಿದ್ಧ, ಪ್ರವಾಸ, ಉಪದೇಶ, ದಿನಚರಿ ಸಮೇತ. ಹತ್ತಿರದವರಿಗೆ ಎರಡು ಸಾಲು ಗೊತ್ತಿತ್ತು, ದೂರದವನಿಗೆ ಎಲ್ಲಾ ಗೊತ್ತು! ಇನ್ನು ಅವನ ಹೆಸರಿನ ಪ್ರಮೇಯ, ಆ ಥರದ ಸಂಖ್ಯಾತ್ರಯಗಳು ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಬ್ಯಾಬಿಲೋನಿಯದ ಮಣ್ಣಿನ ಹಲಗೆಯಲ್ಲೇ ಇವೆ.

ಶಾಸನಪ್ರಿಯ:
ಶಂಕರಾಚಾರ್ಯರಿಗೆ ಯಾವ ದಾರಿ? ಅವರ ಕಾಲದ ಶಾಸನ ಇಲ್ಲ ಅಂತ ನಾನೇ ಹೇಳ್ತಿದ್ದೀನಿ.

ತಾಳೆಗರಿ:
ಅವರು ಯಾರನ್ನು ಉಲ್ಲೇಖಿಸ್ತಾರೆ, ಅವರನ್ನು ಯಾರು ಉಲ್ಲೇಖಿಸ್ತಾರೆ ಅನ್ನೋ ದಾರಿ. 7ನೇ ಶತಮಾನದ ಬೌದ್ಧ ಧರ್ಮಕೀರ್ತಿಯ ಶ್ಲೋಕ ಅವರ ಉಪದೇಶಸಾಹಸ್ರಿಯಲ್ಲಿದೆ, ಅದಕ್ಕಿಂತ ಹಿಂದೆ ತಳ್ಳೋ ಹಾಗಿಲ್ಲ. ವಾಚಸ್ಪತಿ ಮಿಶ್ರ ಅವರ ಭಾಷ್ಯಕ್ಕೆ ಭಾಮತಿ ಅನ್ನೋ ಟೀಕೆ ಬರೆದ, 10ನೇ ಶತಮಾನದಿಂದ ಈಚೆಗೆ ತರೋ ಹಾಗೂ ಇಲ್ಲ. ಕ್ರಿ.ಪೂ. 509 ಅನ್ನೋ ಮಠದ ಲೆಕ್ಕ ಇದರಲ್ಲಿ ಕೂರಲ್ಲ. ಜೊತೆಗೆ ಬ್ರಹ್ಮಸೂತ್ರಭಾಷ್ಯ ಓದಿದವರಿಗೆ ಗೊತ್ತು, ಮೊದಲಿಂದ ಕೊನೆವರೆಗೆ ಒಂದೇ ತಲೆ ಕೆಲಸ ಮಾಡಿದೆ. ಪಾಣಿನಿಯನ್ನು ಯಾರೂ ಅನುಮಾನಿಸದಿರೋದೂ ಇದಕ್ಕೇ. ಸಾಂಖ್ಯದ ಕಪಿಲನಿಗೆ ಈ ಅನುಕೂಲ ಇಲ್ಲ. ಅವನ ಹೆಸರಿನ ಸೂತ್ರಗಳು ಬಹಳ ಈಚಿನವು.

ಸಂಶಯಾತ್ಮ:
ಕೊನೆಗೊಬ್ಬರು. ಪಾರಸಿ ಧರ್ಮದ ಪ್ರವಾದಿ ಜರತುಷ್ಟ್ರ. ಶತ್ರುಸಾಕ್ಷಿ ಇಲ್ಲ, ಶಾಸನ ಇಲ್ಲ, ಕಾಲ ಕೇಳಿದರೆ ಕ್ರಿ.ಪೂ. 1500 ಅನ್ನೋರೂ ಇದ್ದಾರೆ, 6ನೇ ಶತಮಾನ ಅನ್ನೋರೂ ಇದ್ದಾರೆ. ಸಾವಿರ ವರ್ಷದ ಅಂತರ!

ಮೂಲೆಓದುಗ:
ಗಾಥೆಗಳಿವೆಯಲ್ಲ, 17 ಸ್ತೋತ್ರ, ಪಾರಸಿಗಳ ಪವಿತ್ರಗ್ರಂಥ ಅವೆಸ್ತಾದ ಅತ್ಯಂತ ಹಳೆಯ ಭಾಷೆಯಲ್ಲಿ. ಅದರಲ್ಲಿ ಯಸ್ನ ಅನ್ನೋ ಭಾಗದ 46ನೇ ಅಧ್ಯಾಯ ತೆಗೆದು ನೋಡಿ. "ಯಾವ ನೆಲಕ್ಕೆ ಓಡಲಿ, ಎಲ್ಲಿಗೆ ಹೋಗಲಿ" ಅಂತ ಶುರುವಾಗುತ್ತೆ. ತನ್ನವರೇ ದೂರ ಮಾಡಿದ್ದಾರೆ, ತನ್ನ ಹತ್ತಿರ ದನ ಕಡಿಮೆ, ಜನ ಕಡಿಮೆ, ಅದಕ್ಕೇ ತನ್ನ ಕೈ ಸಾಗಲ್ಲ ಅಂತ ದೇವರ ಹತ್ತಿರ ಗೋಳಾಡ್ತಾನೆ. 53ರಲ್ಲಿ ಮಗಳು ಪೊಉರುಚಿಸ್ತಾಳ ಮದುವೆ. ಪ್ರವಾದಿಯನ್ನು ಕಟ್ಟೋರು ಅವನಿಗೆ ದನ ಸಾಲದು ಅನ್ನೋ ಚಿಂತೆ ಕೊಡ್ತಾರಾ? ಮುಂದಿನ ಕಾಲದ ಪವಾಡಕಥೆಗಳಲ್ಲಿ ಅವನು ಹುಟ್ಟುವಾಗಲೇ ನಗ್ತಾನೆ.

ಅಡ್ಡಪ್ರಶ್ನೆ:
ಸ್ತೋತ್ರದ 'ನಾನು' ಯಾವ ಪುರೋಹಿತನ ಬಾಯಿಗೂ ಒಗ್ಗುತ್ತೆ. ಅವೇ ಗಾಥೆಗಳಲ್ಲಿ ಜರತುಷ್ಟ್ರನನ್ನು ಬೇರೆ ಯಾರೋ ಅನ್ನೋ ಹಾಗೆ ಹೆಸರು ಹಿಡಿದು ಹೇಳೋ ಸಾಲುಗಳೂ ಇವೆ.

ಮೂಲೆಓದುಗ:
ಹಾಡಿನ ಕೊನೆಗೆ "ಕಹತ ಕಬೀರ", ಅಂದರೆ ಕಬೀರ ಹೇಳ್ತಾನೆ, ಅನ್ನೋನೂ ಕಬೀರನೇ ತಾನೆ?

ಅಡ್ಡಪ್ರಶ್ನೆ:
ಒಳ್ಳೆಯವನನ್ನೇ ಸಾಕ್ಷಿಗೆ ಕರೆದಿರಿ. ಕಬೀರಪಂಥದವರ ಬೀಜಕದ ಕಬೀರ, ಸಿಖ್ಖರ ಗುರುಗ್ರಂಥದ ಕಬೀರ, ರಾಜಸ್ಥಾನದ ಸಂಗ್ರಹಗಳ ಕಬೀರ, ಮೂರನ್ನೂ ಎದುರುಬದುರು ಇಟ್ಟು ನೋಡಿ. ಎಲ್ಲದರಲ್ಲೂ ಸಿಗೋ ಹಾಡುಗಳು ತೀರಾ ಕಡಿಮೆ. "ಕಹತ ಕಬೀರ" ಅಂತ ಎಷ್ಟು ಜನ ಹಾಡಿದರೋ.

ಮೂಲೆಓದುಗ:
ಹಾಗಂತ ಕಬೀರ ಇರಲಿಲ್ಲ ಅಂತ ನೀವೂ ಹೇಳ್ತಿಲ್ಲ. ಜರತುಷ್ಟ್ರನಿಗೂ ಅಷ್ಟೇ ಕೇಳ್ತಿದ್ದೀನಿ: 46ರ ಗೋಳು ಒಬ್ಬ ಮನುಷ್ಯನದು ಅಂತ ಒಪ್ಪಿ, 53ರ ಮದುವೆಹಾಡು ಬೇಕಿದ್ದರೆ ಶಿಷ್ಯರದು ಅನ್ನಿ. ಕಾಲದ ಪ್ರಶ್ನೆಗೆ ನಾನು ಕೈ ಹಾಕಲ್ಲ.